ವಿಜಯಪುರ: ಒಂದು ರಾತ್ರಿ ಉಳಿದವರಿಗೆ ತೆರೆದುಕೊಳ್ಳುವ ಊರು

ವಿಜಯಪುರ: ಬೆಳಗಿನ ಹತ್ತು ಗಂಟೆಯ ಹೊತ್ತಿಗೆ ಬಂದಿಳಿಯುವುದು, ಗೋಳಗುಮ್ಮಟದೊಳಗೆ ನಿಂತು ಒಮ್ಮೆ ಗಟ್ಟಿಯಾಗಿ ಕೂಗುವುದು, ಸಾಧ್ಯವಾದರೆ ಇಬ್ರಾಹಿಂ ರೋಜಾ ಕಡೆಗೊಂದು ಸುತ್ತು ಹಾಕಿ ಸಂಜೆಯೊಳಗೆ ಬಾದಾಮಿಯ ದಾರಿ ಹಿಡಿಯುವುದು. ಈ ಐತಿಹಾಸಿಕ ನಗರಕ್ಕೆ ಬರುವ ಅನೇಕ ಪ್ರವಾಸಿಗರ ಕ್ರಮ ಇದೇ ಆಗಿದೆ. ಹೀಗೆ ಬಂದು ಹೋದವರು ಒಂದು ಗುಮ್ಮಟವನ್ನು ನೋಡಿರುತ್ತಾರೆಯೇ ಹೊರತು ಊರನ್ನು ನೋಡಿರುವುದಿಲ್ಲ.

ಇಲ್ಲಿನ ವಸತಿಗೃಹಗಳ ಕೌಂಟರಿನ ಹಿಂದೆ ಕುಳಿತವರಿಗೆ ನಿತ್ಯ ಎದುರಾಗುವ ಪ್ರಶ್ನೆಯೊಂದಿದೆ: ಅರ್ಧ ದಿನದಲ್ಲಿ ಎಲ್ಲವನ್ನೂ ನೋಡಿ ಮುಗಿಸಬಹುದೇ? ಅದಕ್ಕೆ ಸಿಗುವ ಉತ್ತರವೂ ಸಾಮಾನ್ಯವಾಗಿ ಒಂದೇ: 'ಅವಸರ ಯಾಕ್ರಿ? ಒಂದ್ ರಾತ್ರಿ ಇದ್ದು ಮುಂಜಾನೆ ನೋಡ್ರಿ.' ಕೊಠಡಿ ತುಂಬಿಸುವ ವ್ಯಾಪಾರಿಯ ಮಾತೆಂದು ಇದನ್ನು ತಳ್ಳಿಹಾಕುವಂತಿಲ್ಲ. ಅತಿಥಿಗಳು ಯಾವ ಹೊತ್ತಿನಲ್ಲಿ ಹೊರಗೆ ಹೋಗುತ್ತಾರೆ, ಹೇಗೆ ಹಿಂದಿರುಗುತ್ತಾರೆ, ಏನನ್ನು ನೋಡಲಾಗಲಿಲ್ಲವೆಂದು ಪೇಚಾಡುತ್ತಾರೆ ಎಂಬುದನ್ನು ಹತ್ತಿರದಿಂದ ಬಲ್ಲವರು ಇವರೇ. ಆ ಅನುಭವದ ಹಿನ್ನೆಲೆಯಲ್ಲಿ ನಗರವನ್ನು ನೆಮ್ಮದಿಯಾಗಿ ನೋಡಬಯಸುವವರಿಗೆ ಉಪಯುಕ್ತವಾದ ಮಾಹಿತಿಯನ್ನು ಇಲ್ಲಿ ನೀಡಲಾಗಿದೆ.

ಊರಿನ ಪರಿಚಯ

2011ರ ಜನಗಣತಿಯ ಪ್ರಕಾರ ನಗರದ ಜನಸಂಖ್ಯೆ 3.27 ಲಕ್ಷದಷ್ಟು. 2014ರ ನವೆಂಬರ್ 1ರಂದು 'ಬಿಜಾಪುರ' ಎಂಬ ಹೆಸರು ಅಧಿಕೃತವಾಗಿ 'ವಿಜಯಪುರ' ಎಂದು ಬದಲಾಯಿತು. ಚಾಲುಕ್ಯರ ಕಾಲದಲ್ಲಿಯೂ ನೆಲೆಯಾಗಿದ್ದ ಈ ಊರು, ಹದಿನೈದನೆಯ ಶತಮಾನದ ಕೊನೆಯ ವೇಳೆಗೆ ಯೂಸುಫ್ ಆದಿಲ್ ಶಾಹ ಸ್ಥಾಪಿಸಿದ ಆದಿಲ್‌ಶಾಹಿ ರಾಜ್ಯದ ರಾಜಧಾನಿಯಾಯಿತು. 1686ರಲ್ಲಿ ಔರಂಗಜೇಬನ ಸೇನೆಗೆ ವಶವಾಗುವವರೆಗೆ ಸುಮಾರು ಎರಡು ಶತಮಾನಗಳ ಕಾಲ ಆ ರಾಜಮನೆತನವೇ ಇಲ್ಲಿ ಆಳಿತು. ನಗರವನ್ನು ಬಳಸಿರುವ ಕೋಟೆಗೋಡೆಯ ಸುತ್ತಳತೆ ಸುಮಾರು 10 ಕಿ.ಮೀ. ಆ ಗೋಡೆಯ ನಡುವೆ ಅರಮನೆಗಳಿದ್ದ ಒಳಕೋಟೆ ಇದೆ. ಇದನ್ನು ಸ್ಥಳೀಯರು ಅರಕಿಲ್ಲಾ ಎನ್ನುತ್ತಾರೆ.

ಪ್ರವಾಸಿಗರು ಮೊದಲು ಮನಗಾಣಬೇಕಾದದ್ದು ಈ ರಚನೆಯನ್ನು. ಗೋಳಗುಮ್ಮಟ ಮತ್ತು ರೈಲು ನಿಲ್ದಾಣ ನಗರದ ಪೂರ್ವಕ್ಕಿವೆ. ಇಬ್ರಾಹಿಂ ರೋಜಾ, ಮಲಿಕ್-ಎ-ಮೈದಾನ್ ತೋಪು, ತಾಜ್ ಬಾವಡಿಗಳು ಪಶ್ಚಿಮಕ್ಕಿವೆ. ಅರಕಿಲ್ಲಾ ಇವೆರಡರ ಮಧ್ಯದಲ್ಲಿದೆ. ಒಂದೇ ದಿನದಲ್ಲಿ ಪೂರ್ವದಿಂದ ಪಶ್ಚಿಮಕ್ಕೆ, ಪಶ್ಚಿಮದಿಂದ ಪೂರ್ವಕ್ಕೆ ಓಡಾಡಿ ದಣಿಯುವ ಬದಲು ಮೊದಲ ಸಂಜೆ ನಡುಭಾಗ, ಮರುದಿನ ಮುಂಜಾನೆ ಪೂರ್ವ, ಇಳಿಹೊತ್ತಿನಲ್ಲಿ ಪಶ್ಚಿಮ ಎಂದು ಹಂಚಿಕೊಂಡರೆ ಬಿಸಿಲಿನಿಂದಲೂ ಜನಸಂದಣಿಯಿಂದಲೂ ಪಾರಾಗಬಹುದು.

ಮೊದಲ ಸಂಜೆ: ಬಾರಾ ಕಮಾನ್ ಮತ್ತು ಅರಕಿಲ್ಲಾ

ಮಧ್ಯಾಹ್ನ ಬಂದಿಳಿದವರು ಕೊಠಡಿಯಲ್ಲಿ ಕೊಂಚ ವಿಶ್ರಮಿಸಿ, ಬಿಸಿಲು ಇಳಿದ ಮೇಲೆ ಹೊರಡುವುದು ಲೇಸು. ಅರಕಿಲ್ಲಾ ಪ್ರದೇಶವನ್ನು ನಡೆದೇ ನೋಡಬಹುದು. ಎರಡನೆಯ ಅಲಿ ಆದಿಲ್ ಶಾಹ ತನ್ನ ಗೋರಿಗಾಗಿ ಆರಂಭಿಸಿದ ಬಾರಾ ಕಮಾನ್ ಅವನು 1672ರಲ್ಲಿ ತೀರಿಕೊಂಡಾಗಲೂ ಪೂರ್ಣವಾಗಿರಲಿಲ್ಲ. ಛಾವಣಿ ಕಾಣದ ಕರಿಗಲ್ಲಿನ ಕಮಾನುಗಳು ಆಕಾಶಕ್ಕೆ ಬೆನ್ನು ಕೊಟ್ಟು ನಿಂತಿವೆ. ನಡುಮಧ್ಯಾಹ್ನದಲ್ಲಿ ಬರಿಯ ಕಲ್ಲುರಾಶಿಯಂತೆ ತೋರುವ ಈ ಸ್ಥಳ, ಇಳಿಬಿಸಿಲು ಕಮಾನುಗಳ ನಡುವಿನಿಂದ ನೆಲದ ಮೇಲೆ ಓರೆಯಾಗಿ ಬೀಳುವಾಗ ಬೇರೆಯೇ ಆಗಿ ಕಾಣುತ್ತದೆ.

ಸಮೀಪದ ಗಗನ ಮಹಲನ್ನು ಮೊದಲನೆಯ ಅಲಿ ಆದಿಲ್ ಶಾಹ 1561ರ ಸುಮಾರಿಗೆ ಕಟ್ಟಿಸಿದನು. ಮೂರು ಕಮಾನುಗಳ ಪೈಕಿ ನಡುವಿನದು ಅತ್ಯಂತ ವಿಶಾಲವಾದದ್ದು. ಕೆಳಗೆ ದರ್ಬಾರು, ಮೇಲೆ ಅರಸು ಕುಟುಂಬದ ವಾಸವಿತ್ತು. ಮೇಲಿನ ಮರದ ಅಂತಸ್ತು ಈಗ ಇಲ್ಲ. ಅರಕಿಲ್ಲಾದಲ್ಲಿಯೇ ಸಾತ್ ಮಂಜಿಲ್ ಹಾಗೂ ಅದರ ಮುಂದೆ ರಸ್ತೆಯ ನಡುವೆ ಪುಟ್ಟ ಜಲ ಮಂಜಿಲ್ ಇವೆ. 1320ರ ಕರೀಮುದ್ದೀನ್ ಮಸೀದಿಯಲ್ಲಿ ಅದಕ್ಕೂ ಹಿಂದಿನ ದೇವಾಲಯಗಳ ಕಂಬಗಳನ್ನು ಕಾಣಬಹುದು. ಈ ಊರಿನ ಇತಿಹಾಸ ಆದಿಲ್‌ಶಾಹಿಗಳಿಂದ ಮಾತ್ರ ಆರಂಭವಾಗುವುದಿಲ್ಲ ಎಂಬುದಕ್ಕೆ ಆ ಕಂಬಗಳೇ ಸಾಕ್ಷಿ.

ನಡಿಗೆ ಮುಗಿಸಿ ಸಿದ್ಧೇಶ್ವರ ದೇವಸ್ಥಾನದ ಕಡೆಗೆ ಬಂದರೆ ನಗರದ ಜೀವಂತ ಮುಖ ಕಾಣಸಿಗುತ್ತದೆ. ಪ್ರತಿ ವರ್ಷ ಸಂಕ್ರಾಂತಿಯ ಸಂದರ್ಭದಲ್ಲಿ ಇಲ್ಲಿನ ಜಾತ್ರೆ ನಡೆಯುತ್ತದೆ. ನಂದಿಕೋಲುಗಳ ಮೆರವಣಿಗೆ, ಮದ್ದು ಸುಡುವ ಕಾರ್ಯಕ್ರಮ ಹಾಗೂ ಜಾನುವಾರು ಜಾತ್ರೆಗೆ ಸುತ್ತಲಿನ ಹಳ್ಳಿಗಳ ಜನ ಬಂದು ಸೇರುತ್ತಾರೆ. ಆ ದಿನಗಳಲ್ಲಿ ಬರುವವರು ಕೊಠಡಿಯನ್ನು ಮುಂಚಿತವಾಗಿ ಕಾಯ್ದಿರಿಸುವುದು ಅನಿವಾರ್ಯ.

ಮುಂಜಾನೆ: ಗೋಳಗುಮ್ಮಟದ ಪಿಸುಮಾತು

ಒಂದು ರಾತ್ರಿ ಉಳಿಯಬೇಕೆಂಬ ಸಲಹೆಯ ಮುಖ್ಯ ಕಾರಣ ಇಲ್ಲಿದೆ. ಮಹಮ್ಮದ್ ಆದಿಲ್ ಶಾಹನ (ಆಳ್ವಿಕೆ 1627–1656) ಗೋರಿಯಾದ ಗೋಳಗುಮ್ಮಟದ ಗುಮ್ಮಟದ ಹೊರವ್ಯಾಸ ಸುಮಾರು 44 ಮೀಟರ್. ಒಳಗೆ ಒಂದು ಕಂಬವೂ ಇಲ್ಲ. ಒಂದನ್ನೊಂದು ಹಾದುಹೋಗುವ ಎಂಟು ಕಮಾನುಗಳು ಚೌಕಾಕಾರದ ಗೋಡೆಗಳಿಂದ ಮೇಲೆದ್ದು, ಗುಮ್ಮಟದ ಭಾರವನ್ನು ಒಳಮುಖವಾಗಿ ಹೊತ್ತು ಗೋಡೆಗಳಿಗೆ ಸಾಗಿಸುತ್ತವೆ. ನಾಲ್ಕು ಮೂಲೆಗಳಲ್ಲಿ ಏಳು ಅಂತಸ್ತಿನ ಅಷ್ಟಕೋನದ ಗೋಪುರಗಳಿವೆ. ಅವುಗಳೊಳಗಿನ ಇಕ್ಕಟ್ಟಾದ ಮೆಟ್ಟಿಲುಗಳನ್ನು ಹತ್ತಿದರೆ ಗುಮ್ಮಟದ ಒಳಸುತ್ತಿನ ಮೊಗಸಾಲೆಗೆ ತಲುಪಬಹುದು.

ಈ ಮೊಗಸಾಲೆಗೆ ಪಿಸುಗುಟ್ಟುವ ಮೊಗಸಾಲೆ ಎಂಬ ಹೆಸರಿದೆ. ಗೋಡೆಗೆ ಬಾಯಿ ತಾಗಿಸಿದಂತೆ ಮೆಲ್ಲನೆ ನುಡಿದ ಮಾತು ಬಾಗಿದ ಗೋಡೆಯನ್ನು ಅನುಸರಿಸಿ ಸಾಗಿ, ಸುಮಾರು 37 ಮೀಟರ್ ದೂರದ ಎದುರು ಬದಿಯಲ್ಲಿ ಕಿವಿಗೊಟ್ಟು ನಿಂತವರಿಗೆ ಸ್ಪಷ್ಟವಾಗಿ ಕೇಳಿಸುತ್ತದೆ. ಚಪ್ಪಾಳೆ ತಟ್ಟಿದರೆ ಅದು ಹಲವು ಬಾರಿ ಪ್ರತಿಧ್ವನಿಸುತ್ತದೆ. ಆದರೆ ಶಾಲಾ ಪ್ರವಾಸದ ಬಸ್ಸುಗಳು ಬಂದು ನಿಂತ ಮೇಲೆ ಇಲ್ಲಿ ಕೇಳುವುದು ಕೂಗಾಟ ಮಾತ್ರ. ನೂರಾರು ಮಂದಿ ಒಮ್ಮೆಗೇ ಕಿರುಚಿದಾಗ ಪ್ರತಿ ಕೂಗೂ ಹಲವು ಪಟ್ಟಾಗಿ ಹಿಂದಿರುಗಿ, ಯಾರ ಮಾತೂ ಯಾರಿಗೂ ತಿಳಿಯದಂತಾಗುತ್ತದೆ. ಈ ಕಟ್ಟಡದ ವೈಶಿಷ್ಟ್ಯ ಇರುವುದು ಕೂಗಿನಲ್ಲಲ್ಲ, ಪಿಸುಮಾತಿನಲ್ಲಿ. ಅದನ್ನು ಅನುಭವಿಸಬೇಕಾದರೆ ಬೆಳಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಅಲ್ಲಿರಬೇಕು. ಹೊರ ಊರಿನಿಂದ ಅಂದೇ ಹೊರಟು ಬರುವವರಿಗೆ ಇದು ಕಷ್ಟಸಾಧ್ಯ.

ಮೆಟ್ಟಿಲುಗಳು ಕಡಿದಾಗಿಯೂ ಇಕ್ಕಟ್ಟಾಗಿಯೂ ಇರುವುದರಿಂದ ಮಂಡಿನೋವು, ಉಸಿರಾಟದ ತೊಂದರೆ ಇರುವವರು ಕೆಳಗಿನ ಸಭಾಂಗಣವನ್ನಷ್ಟೇ ನೋಡಿ ತೃಪ್ತರಾಗುವುದು ಒಳ್ಳೆಯದು. ಮಹಮ್ಮದ್ ಆದಿಲ್ ಶಾಹ ಹಾಗೂ ಅವನ ಕುಟುಂಬದವರ ಗೋರಿಗಳ ಸ್ಥಾನವನ್ನು ಸೂಚಿಸುವ ಕಟ್ಟೆ ಅಲ್ಲಿದೆ. ನಿಜವಾದ ಸಮಾಧಿಗಳು ಅದರ ಕೆಳಗಿನ ನೆಲಮಾಳಿಗೆಯಲ್ಲಿವೆ. ಇದು ಸಮಾಧಿ ಸ್ಥಳ ಎಂಬುದನ್ನು ನೆನಪಿಟ್ಟುಕೊಂಡರೆ ಗೋಡೆಯ ಮೇಲೆ ಹೆಸರು ಕೆತ್ತುವ ಕೈ ತಾನಾಗಿಯೇ ಹಿಂಜರಿದೀತು. ಮುಂಭಾಗದ ನಗಾರಖಾನೆಯಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ವಸ್ತುಸಂಗ್ರಹಾಲಯವಿದೆ. ಶಾಸನಗಳು, ಶಿಲ್ಪಗಳು, ಹಸ್ತಪ್ರತಿಗಳು, ಆಯುಧಗಳು ಇಲ್ಲಿವೆ. ಶುಕ್ರವಾರ ರಜೆ ಇರುತ್ತದೆ ಎಂಬುದನ್ನು ಗಮನಿಸಬೇಕು.

ಅಲ್ಲಿಂದ ಜಾಮಿಯಾ ಮಸೀದಿಗೆ ಹೋಗಬಹುದು. ಮೊದಲನೆಯ ಅಲಿ ಆದಿಲ್ ಶಾಹನ ಕಾಲದಲ್ಲಿ ಆರಂಭವಾದ ಈ ಕಟ್ಟಡದ ವಿಶೇಷ ಅದರ ಸರಳತೆ. ಒಳಗಿನ ನೆಲದ ಮೇಲೆ ಪ್ರಾರ್ಥನೆಗೆ ನಿಲ್ಲುವವರಿಗಾಗಿ ಎರಡು ಸಾವಿರಕ್ಕೂ ಹೆಚ್ಚು ಚೌಕಗಳನ್ನು ಗುರುತಿಸಲಾಗಿದೆ. ಈಗಲೂ ನಮಾಜು ನಡೆಯುವ ಸ್ಥಳವಾದ್ದರಿಂದ ಶುಕ್ರವಾರ ಮಧ್ಯಾಹ್ನದ ಭೇಟಿಯನ್ನು ತಪ್ಪಿಸಿ, ಮೈತುಂಬ ಉಡುಪು ಧರಿಸಿ, ಪಾದರಕ್ಷೆ ಹೊರಗೆ ಬಿಟ್ಟು ಹೋಗುವುದು ಶಿಷ್ಟಾಚಾರ. ಹಿಂದಿರುಗುವ ದಾರಿಯಲ್ಲಿ ಕಲ್ಲಿನಲ್ಲಿ ಮರಗೆಲಸದ ನಾಜೂಕನ್ನು ತೋರುವ ಮೆಹತರ್ ಮಹಲ್ ಹಾಗೂ 1646ರ ಸುಮಾರಿಗೆ ನ್ಯಾಯಮಂದಿರವಾಗಿ ಕಟ್ಟಲಾದ ಅಸಾರ್ ಮಹಲ್ ಸಿಗುತ್ತವೆ. ಎತ್ತರದ ಮರದ ಕಂಬಗಳ ಎದುರಿಗಿರುವ ಅಸಾರ್ ಮಹಲಿನ ಕೊಳದ ಬಳಿ ಸ್ವಲ್ಪ ಹೊತ್ತು ಕುಳಿತರೆ ದಣಿವು ಆರುತ್ತದೆ.

ಮಧ್ಯಾಹ್ನ: ಖಾನಾವಳಿಯ ಊಟ

ಬಿಸಿಲೇರಿದ ಮೇಲೆ ಸ್ಮಾರಕಗಳ ಕಲ್ಲು ಕಾದು ಕಾಲಿಡಲಾಗದಂತಾಗುತ್ತದೆ. ಆಗ ಊಟಕ್ಕೆ ಖಾನಾವಳಿ ಹುಡುಕುವುದೇ ಸರಿ. ಬಿಳಿಜೋಳದ ಬಿಸಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಕಾಳಿನ ಪಲ್ಯ, ಝುಣಕ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಗಟ್ಟಿ ಮೊಸರು, ಹಸಿ ಉಳ್ಳಾಗಡ್ಡಿ ಇಷ್ಟಿದ್ದರೆ ಅದು ಈ ಸೀಮೆಯ ಊಟ. ದಕ್ಷಿಣದ ಜಿಲ್ಲೆಗಳಿಂದ ಬರುವವರಿಗೆ ಖಾರ ಹೆಚ್ಚೆನಿಸಬಹುದು. ಹಿಂಡಿಯನ್ನು ಮೊಸರಿನೊಂದಿಗೆ ಕಲಸಿಕೊಂಡರೆ ಹದವಾಗುತ್ತದೆ. ಕಟಕ ರೊಟ್ಟಿ ಕೇಳಿದರೆ ಒಣಗಿದ ಗರಿಗರಿ ರೊಟ್ಟಿ ಸಿಗುತ್ತದೆ. ದಿನಗಟ್ಟಲೆ ಕೆಡದ ಅದನ್ನು ಹಿಂಡಿಯ ಸಮೇತ ಕಟ್ಟಿಸಿಕೊಂಡು ಒಯ್ಯಬಹುದು. ಬೆಳಗಿನ ಉಪಾಹಾರಕ್ಕೆ ಸೂಸಲಾ ಮತ್ತು ಮಿರ್ಚಿ, ಸಂಜೆ ಒಗ್ಗರಣೆ ಚುರುಮುರಿ ಸುಲಭವಾಗಿ ದೊರೆಯುತ್ತವೆ. ದ್ರಾಕ್ಷಿ ಬೆಳೆಗೆ ಹೆಸರಾದ ಜಿಲ್ಲೆಯಾದ್ದರಿಂದ ಇಲ್ಲಿಂದ ಕೊಂಡೊಯ್ಯಲು ಒಣದ್ರಾಕ್ಷಿ ಒಳ್ಳೆಯ ಆಯ್ಕೆ.

ಊಟದ ನಂತರ ಕೊಠಡಿಗೆ ಮರಳಿ ಎರಡು ಗಂಟೆ ವಿಶ್ರಮಿಸುವುದನ್ನು ಕಾಲಹರಣವೆಂದು ಭಾವಿಸಬೇಕಿಲ್ಲ. ಈ ಊರಿನವರೂ ಬೇಸಿಗೆಯಲ್ಲಿ ಆ ಹೊತ್ತಿಗೆ ಹೊರಗೆ ಸುಳಿಯುವುದು ಕಡಿಮೆ.

ಇಳಿಹೊತ್ತು: ಪಶ್ಚಿಮದ ಸ್ಮಾರಕಗಳು

ನಾಲ್ಕು ಗಂಟೆಯ ನಂತರ ಇಬ್ರಾಹಿಂ ರೋಜಾಕ್ಕೆ ಹೊರಡಬೇಕು. ಎರಡನೆಯ ಇಬ್ರಾಹಿಂ ಆದಿಲ್ ಶಾಹನ (ನಿಧನ 1627) ಸಮಾಧಿ ಹಾಗೂ ಅದಕ್ಕೆ ಎದುರಾದ ಮಸೀದಿ ಒಂದೇ ಎತ್ತರದ ಜಗತಿಯ ಮೇಲೆ ನಿಂತಿವೆ. ನಡುವೆ ನೀರಿನ ಕಾರಂಜಿಯ ತೊಟ್ಟಿ ಇದೆ. ಮಲಿಕ್ ಸಂದಲ್ ಇದರ ವಾಸ್ತುಶಿಲ್ಪಿ. ಗೋಳಗುಮ್ಮಟ ತನ್ನ ಗಾತ್ರದಿಂದ ಬೆರಗುಗೊಳಿಸಿದರೆ ಇಬ್ರಾಹಿಂ ರೋಜಾ ತನ್ನ ಕುಸುರಿಯಿಂದ ಮನಸೆಳೆಯುತ್ತದೆ. ಕಲ್ಲಿನ ಕಿಟಕಿಗಳಲ್ಲಿ ಅಕ್ಷರಗಳನ್ನೇ ಜಾಲಂದ್ರವಾಗಿ ಕೊರೆಯಲಾಗಿದೆ. ಬೆಳಕು ಒಳಬರುವುದು ಆ ಅಕ್ಷರಗಳ ನಡುವಿನ ಸಂದುಗಳಿಂದ. ಮಸೀದಿಯ ಸೂರಿನಿಂದ ಇಳಿಬಿದ್ದ ಕಲ್ಲಿನ ಸರಪಳಿಗಳನ್ನೂ ತಪ್ಪದೆ ನೋಡಬೇಕು.

ಈ ಅರಸನ ಬಗ್ಗೆ ಎರಡು ಮಾತು ತಿಳಿದಿದ್ದರೆ ನೋಟ ಇನ್ನಷ್ಟು ಅರ್ಥಪೂರ್ಣವಾಗುತ್ತದೆ. ಸಂಗೀತಪ್ರಿಯನಾಗಿದ್ದ ಇಬ್ರಾಹಿಂ ದಖ್ಖನಿ ಭಾಷೆಯಲ್ಲಿ 'ಕಿತಾಬ್-ಎ-ನವರಸ್' ಎಂಬ ಹಾಡುಗಳ ಕೃತಿ ರಚಿಸಿದನು. ಅದರಲ್ಲಿ ಸರಸ್ವತಿಯ ಸ್ತುತಿಯೂ ಇದೆ. ತನ್ನ ತಂಬೂರಕ್ಕೆ ಅವನು ಮೋತಿ ಖಾನ್ ಎಂದು ಹೆಸರಿಟ್ಟಿದ್ದನು. ಪ್ರಜೆಗಳು ಅವನನ್ನು 'ಜಗದ್ಗುರು' ಎಂದು ಕರೆಯುತ್ತಿದ್ದರು. 1599ರಲ್ಲಿ ನಗರದ ಪಶ್ಚಿಮಕ್ಕೆ ಅವನು ಕಟ್ಟಲಾರಂಭಿಸಿದ ನವರಸಪುರದ ಅವಶೇಷಗಳು ತೊರವಿ ಗ್ರಾಮದ ಬಳಿ ಇವೆ. ಕನ್ನಡಿಗರಿಗೆ ತೊರವಿ ಇನ್ನೊಂದು ಕಾರಣಕ್ಕೂ ಮುಖ್ಯ. 'ತೊರವೆ ರಾಮಾಯಣ'ದ ಕವಿ ಕುಮಾರ ವಾಲ್ಮೀಕಿ ಎಂದು ಹೆಸರಾದ ನರಹರಿಯ ಊರು ಇದು. ಅವನ ಆರಾಧ್ಯದೈವವಾದ ನರಸಿಂಹನ ಗುಡಿ ಅಲ್ಲಿದೆ. ಸಮಯವಿದ್ದವರು ಆಟೊ ಮಾಡಿಕೊಂಡು ಹೋಗಿ ಬರಬಹುದು.

ಇಬ್ರಾಹಿಂ ರೋಜಾದಿಂದ ನಗರದೊಳಗೆ ಮರಳುವಾಗ ಕೋಟೆಯ ಬುರುಜಿನ ಮೇಲೆ ಮಲಿಕ್-ಎ-ಮೈದಾನ್ ತೋಪು ಇದೆ. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದ ಈ ತೋಪಿನ ತೂಕ ಸುಮಾರು 55 ಟನ್. ಆನೆಯನ್ನು ಕಚ್ಚಿ ಹಿಡಿದ ಸಿಂಹದ ಬಾಯಿಯಂತೆ ಅದರ ಮುಖವನ್ನು ರೂಪಿಸಲಾಗಿದೆ. ಇದನ್ನು ಇಲ್ಲಿಗೆ ಎಳೆದು ತರಲು ನೂರಾರು ಎತ್ತುಗಳು, ಆನೆಗಳು ಬೇಕಾದವೆಂಬ ಪ್ರತೀತಿ ಇದೆ. ಹತ್ತಿರದಲ್ಲೇ ಸುಮಾರು 24 ಮೀಟರ್ ಎತ್ತರದ ಉಪ್ಪಲಿ ಬುರುಜು ಇದೆ. ಹೊರಮೈಗೆ ಸುತ್ತಿಕೊಂಡ ಮೆಟ್ಟಿಲುಗಳನ್ನು ಹತ್ತಿ ಸೂರ್ಯಾಸ್ತದ ಹೊತ್ತಿಗೆ ಮೇಲೆ ನಿಂತರೆ, ಬೆಳಗ್ಗೆ ನೋಡಿದ ಗೋಳಗುಮ್ಮಟ ಪೂರ್ವದಲ್ಲಿ ಇಡೀ ಊರಿನ ಮೇಲೆ ಎದ್ದು ನಿಂತಿರುವುದು ಕಾಣುತ್ತದೆ. ಎರಡು ದಿನ ಬಿಡಿಬಿಡಿಯಾಗಿ ನೋಡಿದ್ದೆಲ್ಲ ಇಲ್ಲಿ ಒಂದೇ ಚಿತ್ರವಾಗಿ ಕೂಡಿಕೊಳ್ಳುತ್ತದೆ.

ನೀರಿನ ಕಥೆ

ವಿಜಯಪುರದ ಗುಮ್ಮಟಗಳನ್ನು ನೋಡಿದವರು ಮರೆತು ಹೋಗುವುದು ಅದರ ನೀರನ್ನು. ಮಳೆ ಕಡಿಮೆ ಇರುವ, ನದಿ ದೂರವಿರುವ ಬಯಲಿನಲ್ಲಿ ಒಂದು ರಾಜಧಾನಿ ಬಾಳಿದ್ದು ಜಾಣ ಜಲವ್ಯವಸ್ಥೆಯ ಬಲದಿಂದ. ತೊರವಿಯ ಕಡೆಯಿಂದ ನೆಲದಡಿಯ ಸುರಂಗದ ಮೂಲಕ ನೀರು ನಗರಕ್ಕೆ ಹರಿದು ಬರುತ್ತಿತ್ತು. 1651ರಲ್ಲಿ ನಗರದ ದಕ್ಷಿಣಕ್ಕೆ ಬೇಗಂ ತಲಾಬ್ ನಿರ್ಮಾಣವಾಯಿತು. ಅಲ್ಲಿಂದ ಮಣ್ಣಿನ ಕೊಳವೆಗಳಲ್ಲಿ ನೀರು ಸಾಗುವಾಗ ಒತ್ತಡ ಹೆಚ್ಚಿ ಕೊಳವೆ ಒಡೆಯದಂತೆ, ಹೂಳು ತಳದಲ್ಲಿ ತಂಗುವಂತೆ ದಾರಿಯುದ್ದಕ್ಕೂ 'ಗಂಜ್' ಎಂಬ ಕಲ್ಲಿನ ಗೋಪುರಗಳನ್ನು ಕಟ್ಟಲಾಗಿತ್ತು. ಅಂಥ ಕೆಲವು ಗೋಪುರಗಳು ಇಂದಿಗೂ ಉಳಿದಿವೆ. ರಸ್ತೆ ಬದಿಯ ಪಾಳು ಕಟ್ಟಡವೆಂದು ಹಲವರು ದಾಟಿ ಹೋಗುವುದು ಇವುಗಳನ್ನೇ.

ಊರಿನ ಬಾವಡಿಗಳಲ್ಲಿ 1620ರ ತಾಜ್ ಬಾವಡಿ ಅತ್ಯಂತ ದೊಡ್ಡದು. ಎರಡು ಗೋಪುರಗಳ ನಡುವಿನ ಭವ್ಯ ಕಮಾನಿನಡಿಯಿಂದ ಮೆಟ್ಟಿಲುಗಳು ನೀರಿನತ್ತ ಇಳಿಯುತ್ತವೆ. ಬಹುಕಾಲ ಕಸಕಡ್ಡಿ ತುಂಬಿ ದುಃಸ್ಥಿತಿಯಲ್ಲಿದ್ದ ಇದನ್ನು 2016–17ರ ಸುಮಾರಿಗೆ ಹೂಳೆತ್ತಿ ಸ್ವಚ್ಛಗೊಳಿಸಲಾಯಿತು. ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಸಂಸ್ಥೆ ಪ್ರಕಟಿಸಿದ 2020ರ 'ವಾಚ್' ಪಟ್ಟಿಯಲ್ಲಿ ದಖ್ಖನ್ ಪ್ರಸ್ಥಭೂಮಿಯ ಐತಿಹಾಸಿಕ ಜಲವ್ಯವಸ್ಥೆಗಳಿಗೆ ಸ್ಥಾನ ದೊರೆತಾಗ ವಿಜಯಪುರದ ಸುರಂಗ ಬಾವಡಿ ಮತ್ತೆ ಗಮನ ಸೆಳೆಯಿತು. ಬಾವಡಿಗಳ ಬಳಿ ಪ್ರವಾಸಿಗರು ಎಸೆಯುವ ಒಂದೊಂದು ಪ್ಲಾಸ್ಟಿಕ್ ಬಾಟಲಿಯೂ ಆ ಶ್ರಮವನ್ನು ಹಿಂದಕ್ಕೆ ತಳ್ಳುತ್ತದೆ ಎಂಬುದನ್ನು ಮರೆಯಬಾರದು.

ಉಳಿಯುವವರಿಗೆ ಸಲಹೆಗಳು

* ಕಾಲ: ನವೆಂಬರಿನಿಂದ ಫೆಬ್ರುವರಿವರೆಗೆ ಹಿತಕರ. ಏಪ್ರಿಲ್–ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವುದುಂಟು. ಆಗ ವೃದ್ಧರನ್ನೂ ಚಿಕ್ಕ ಮಕ್ಕಳನ್ನೂ ಕರೆತರದಿರುವುದು ಮೇಲು.

* ತಲುಪುವ ಬಗೆ: ಬೆಂಗಳೂರಿನಿಂದ ಸಂಜೆ ಹೊರಡುವ ಗೋಲಗುಂಬಜ್ ಎಕ್ಸ್‌ಪ್ರೆಸ್ ಮರುದಿನ ಬೆಳಗ್ಗೆ ವಿಜಯಪುರಕ್ಕೆ ಬರುತ್ತದೆ. ಸೊಲ್ಲಾಪುರದಿಂದ ಸುಮಾರು 100 ಕಿ.ಮೀ., ಹುಬ್ಬಳ್ಳಿಯಿಂದ ಸುಮಾರು 200 ಕಿ.ಮೀ. ದೂರವಿದ್ದು, ಎರಡೂ ಕಡೆಯಿಂದ ಬಸ್ಸುಗಳಿವೆ.

* ಕೊಠಡಿ: ಬಾಡಿಗೆಯನ್ನು 24 ಗಂಟೆಯ ಲೆಕ್ಕದಲ್ಲಿ ಹಿಡಿಯುತ್ತಾರೋ ಮಧ್ಯಾಹ್ನ 12 ಗಂಟೆಗೆ ಖಾಲಿ ಮಾಡಬೇಕೋ ಎಂಬುದನ್ನು ಮುಂಗಡ ಕೊಡುವ ಮೊದಲೇ ಕೇಳಿ ತಿಳಿಯಬೇಕು. ಬಿಸಿನೀರು ಯಾವ ಹೊತ್ತಿನಲ್ಲಿ ಬರುತ್ತದೆ ಎಂಬುದನ್ನೂ ವಿಚಾರಿಸಬೇಕು. ಮುಖ್ಯರಸ್ತೆಗೆ ಮುಖಮಾಡಿದ ಕೊಠಡಿಗಿಂತ ಹಿಂಬದಿಯ ಕೊಠಡಿಯಲ್ಲಿ ನಿದ್ದೆ ಚೆನ್ನಾಗಿ ಬರುತ್ತದೆ. ಎಲ್ಲರ ಗುರುತಿನ ಚೀಟಿಯೂ ಕೈಯಲ್ಲಿರಲಿ.

* ಓಡಾಟ: ಹಿಂದೊಮ್ಮೆ ಟಾಂಗಾಗಳಿಗೆ ಹೆಸರಾಗಿದ್ದ ಊರಿನಲ್ಲಿ ಈಗ ಆಟೊಗಳದೇ ಕಾರುಬಾರು. ನೋಡಬೇಕಾದ ಸ್ಥಳಗಳ ಹೆಸರನ್ನೂ ಕಾಯುವ ಸಮಯವನ್ನೂ ಮೊದಲೇ ಹೇಳಿ ಒಟ್ಟು ಬಾಡಿಗೆ ಗೊತ್ತುಮಾಡಿಕೊಂಡರೆ ಕೊನೆಯಲ್ಲಿ ವಾಗ್ವಾದ ಇರುವುದಿಲ್ಲ.

* ಮಾರ್ಗದರ್ಶಿಗಳು: ಸ್ಮಾರಕಗಳ ಬಳಿ ಕೇಳಸಿಗುವ ರೋಚಕ ಕಥೆಗಳಲ್ಲಿ ಜನಪದ ಪ್ರತೀತಿಯೂ ಇತಿಹಾಸವೂ ಬೆರೆತಿರುತ್ತವೆ. ಕಥೆಯನ್ನು ಕಥೆಯಾಗಿ ಸವಿಯಬೇಕು. ಇಸವಿ, ಹೆಸರುಗಳನ್ನು ಪುರಾತತ್ವ ಇಲಾಖೆಯ ಫಲಕದೊಂದಿಗೆ ಹೋಲಿಸಿ ನೋಡಬೇಕು.

* ಸುತ್ತಮುತ್ತ: ಬಸವಣ್ಣನವರ ಜನ್ಮಸ್ಥಳವಾದ ಬಸವನಬಾಗೇವಾಡಿ ಸುಮಾರು 45 ಕಿ.ಮೀ. ದೂರದಲ್ಲಿದೆ. ಆಲಮಟ್ಟಿ, ಕೂಡಲಸಂಗಮಗಳನ್ನು ಅದೇ ದಿನ ಸೇರಿಸಿಕೊಳ್ಳಬಹುದು. ಬಾದಾಮಿ, ಪಟ್ಟದಕಲ್ಲು, ಐಹೊಳೆಗೆ ಪ್ರತ್ಯೇಕ ದಿನ ಮೀಸಲಿಡುವುದು ಸೂಕ್ತ.

ಉಳಿದರೆ ಊರಿಗೂ ಲಾಭ

ವಿಜಯಪುರ, ಬೀದರ್, ಕಲಬುರಗಿ ಮೊದಲಾದ ಕಡೆಯ ದಖ್ಖನ್ ಸುಲ್ತಾನರ ಸ್ಮಾರಕಗಳು 2014ರಿಂದ ಯುನೆಸ್ಕೊ ವಿಶ್ವಪರಂಪರೆಯ ತಾತ್ಕಾಲಿಕ ಪಟ್ಟಿಯಲ್ಲಿವೆ. ಆದರೆ ಪಟ್ಟಿಯೊಂದರಿಂದಲೇ ಊರಿನ ಹೊಟ್ಟೆ ತುಂಬುವುದಿಲ್ಲ. ಬೆಳಗ್ಗೆ ಬಂದು ಸಂಜೆ ಹೋಗುವ ಪ್ರವಾಸಿಗ ಪ್ರವೇಶ ಚೀಟಿಯ ಹಣವನ್ನಷ್ಟೇ ಬಿಟ್ಟು ಹೋಗುತ್ತಾನೆ. ಒಂದು ರಾತ್ರಿ ಉಳಿದವನಿಂದ ರೊಟ್ಟಿ ಬಡಿಯುವ ಹೆಣ್ಣುಮಗಳಿಗೆ, ಆಟೊ ಚಾಲಕನಿಗೆ, ಚಹಾ ಅಂಗಡಿಯವನಿಗೆ, ವಸತಿಗೃಹದಲ್ಲಿ ಹಾಸಿಗೆ ಹಾಸುವ ಹುಡುಗನಿಗೆ ನಾಲ್ಕು ಕಾಸು ಸಿಗುತ್ತದೆ. ಸ್ಮಾರಕಗಳಿಂದ ತಮ್ಮ ಬದುಕಿಗೂ ಉಪಯೋಗವಿದೆ ಎಂದು ಕಂಡ ಜನ ಅವುಗಳ ರಕ್ಷಣೆಗೆ ಮೊದಲು ಮುಂದಾಗುತ್ತಾರೆ.

ಪ್ರವಾಸಿಗನಿಗೆ ಸಿಗುವ ಫಲವೂ ಕಡಿಮೆಯದೇನಲ್ಲ. ಮುಂಜಾನೆಯ ಮೌನದಲ್ಲಿ ಗುಮ್ಮಟದ ಗೋಡೆಗೆ ಕಿವಿಗೊಟ್ಟು, ಎದುರು ಬದಿಯಲ್ಲಿ ನಿಂತ ಮಗಳೋ ಮೊಮ್ಮಗನೋ ಮೆಲ್ಲನೆ ಹೇಳಿದ ಮಾತನ್ನು ಸ್ಪಷ್ಟವಾಗಿ ಕೇಳಿಸಿಕೊಂಡವರು, ಕೌಂಟರಿನ ಹಿಂದಿನಿಂದ ಬಂದ 'ಅವಸರ ಯಾಕ್ರಿ?' ಎಂಬ ಪ್ರಶ್ನೆ ಸರಿಯಾಗಿಯೇ ಇತ್ತೆಂದು ಒಪ್ಪಿಕೊಳ್ಳುತ್ತಾರೆ.